ಬೀಗದ ಲೆಕ್ಕ

ಅವರ ಹೆಸರು ನಾನು ಹೇಳುವಂತಿಲ್ಲ.
ಮುನ್ಸಿಪಾಲ್ಟಿಯ ಪಟ್ಟೇವಾಲ, ಹಿತ್ತಾಳೆ ಬಿಲ್ಲೆಯವರು
ಅಂದರೆ ಕಾರವಾರದಲ್ಲಿ ಯಾರಿಗೂ ಗೊತ್ತಾಗ್ತದೆ.

ಮಳೆಗಾಲ ಕಳೆದು ಬೈತಖೋಲಿಗೆ ಆಗಬೋಟು ಬಂತು.
ಗೋಣಿ ಇಳಿಯಿತು, ಟ್ರಂಕು ಇಳಿಯಿತು,
ಗಿರಣಿ ಕೆಲಸದ ಹುಡುಗರು ಕೆಮ್ಮುತ್ತ ಇಳಿದರು,
ಕಡೆಗೆ ಟಪಾಲಿನ ಚೀಲ.
ಚೀಲದೊಳಗೆ ಹುಕುಂ:
ಬೊಂಬಾಯಿ ಜ್ವರ ಬರ್ತಾ ಇದೆ, ಊರು ಮುಚ್ಚಿ.
ಜ್ವರವೂ ಹುಕುಮೂ ಒಂದೇ ಹಡಗಿನಲ್ಲಿ.
ಹುಕುಂ ಎರಡು ದಿನ ಮೇಜಿನ ಮೇಲೆ ಮೊಹರಿಗೆ ಕಾದು ಕೂತಿತ್ತು.
ಜ್ವರಕ್ಕೆ ಮೊಹರು ಬೇಕಿರಲಿಲ್ಲ.

ಬೀಗ ಹನ್ನೆರಡು, ಅಂಗಡಿಯಿಂದ ಸಾಲಕ್ಕೆ ತಂದರು.
ಕನ್ನಡ ಶಾಲೆಗೊಂದು, ಮರಾಠಿ ಶಾಲೆಗೊಂದು,
ಓದುವ ಕೋಣೆಗೆ, ನಾಟಕದ ತಟ್ಟಿಗೆ.
ತಟ್ಟಿಗೆ ಬಾಗಿಲೇ ಇಲ್ಲ,
ಎರಡು ಬಿದಿರು ಕೂಡಿಸಿ ಸರಪಳಿ ಸುತ್ತಿದರು.
ಒಳಗೆ ದ್ರೌಪದಿ ಪಾರ್ಟಿನವ
ಮೀಸೆ ಬೋಳಿಸಿಕೊಂಡು ಸುಮ್ಮನೆ ಕೂತಿದ್ದನಂತೆ.
ಕೋಡಿಬಾಗದ ದೋಣಿಯನ್ನು ಗೂಟಕ್ಕೆ ಬಿಗಿದು ಬೀಗ;
ಕಾಳಿ ಹೊಳೆ ಮಾತ್ರ ಭರತಕ್ಕೆ ಬಂದು ಇಳಿತಕ್ಕೆ ಹೋಗಿ
ತನ್ನ ಪಾಡಿಗೆ ತಾನು ದಾಟಿಸುತ್ತಲೇ ಇತ್ತು.
ಇಗರ್ಜಿಯ ಗಂಟೆಯ ಹಗ್ಗ ಪಾದ್ರಿಯೇ ಮೇಲಕ್ಕೆ ಕಟ್ಟಿದರು,
ಸತ್ತವರಿಗೆಲ್ಲ ಬಾರಿಸಿದರೆ
ಬದುಕಿದವರು ಹೆದರಿ ಸಾಯ್ತಾರೆ ಅಂತ.
ಸೆರೆ ಅಂಗಡಿಗೆ ಬೀಗ ಇಲ್ಲ.
ಲಿಲಾವಿನ ಹಣ ಸರ್ಕಾರಕ್ಕೆ ಮೊದಲೇ ಸಂದಿತ್ತು.

ಆರನೆಯದು ಮೀನುಪೇಟೆಗೆ.
ನನ್ನ ಮಣೆ, ನನ್ನ ಕತ್ತಿ ಒಳಗೇ ಉಳಿದವು.
ನಾನು ಹೊರಗೆ, ಅವರು ಬೀಗ ಜಗ್ಗಿ ನೋಡುತ್ತ,
ನಮ್ಮಿಬ್ಬರಿಗೂ ಪರಿಚಯವೇ ಇಲ್ಲದ ಹಾಗೆ.

ಬಂಗಡೆಗೆ ಹುಕುಂ ಓದಲಿಕ್ಕೆ ಬರುವುದಿಲ್ಲ.
ಆ ವರ್ಷ ಬಲೆ ಹರಿಯುವಷ್ಟು ಬಿತ್ತು.
ಬುಟ್ಟಿ ಹೊತ್ತು ಮನೆಮನೆಗೆ ಹೋದೆ, ಹಿತ್ತಿಲ ದಾರಿಯಲ್ಲಿ.
ಕಾಜುಬಾಗದಲ್ಲಿ ಸೊಸೆಯೊಬ್ಬಳು
ಶೆಟ್ಲಿಗೆ ಚೌಕಾಸಿ ಮಾಡಿದಳು, ನಕ್ಕಳು, ಕೆಮ್ಮಿದಳು.
ಮೂರನೆಯ ದಿನ ಆ ಅಂಗಳದಲ್ಲಿ ಬಿದಿರು ಸೀಳುವ ಸದ್ದು.
ನಾನು ಅಲ್ಲಿಂದ ತಂದೆನೋ, ಅಲ್ಲಿಗೆ ಒಯ್ದೆನೋ.
ಪ್ಲೇಗಾದರೆ ಇಲಿ ಬಿದ್ದು ಹೇಳುತ್ತಿತ್ತು.
ಈ ಜ್ವರಕ್ಕೆ ಇಲಿಯಷ್ಟೂ ದಾಕ್ಷಿಣ್ಯ ಇಲ್ಲ.

ರಾತ್ರಿ ಅವರು ಬುಟ್ಟಿ ನೋಡುತ್ತಿದ್ದರು, ಕೇಳುತ್ತಿರಲಿಲ್ಲ.
ಕೀಲಿಗೊಂಚಲು ಮೊಳೆಗೆ ಹಾಕಿ
ಸಾರು ಇನ್ನಷ್ಟು ಬಡಿಸು ಅನ್ನುತ್ತಿದ್ದರು.
ಒಂದು ರಾತ್ರಿ ಬೇಡ ಅಂದರು.

ತುಟಿ ನೇರಳೆಹಣ್ಣು ತಿಂದವರ ಹಾಗೆ.
ಅದು ನೇರಳೆಯ ಕಾಲವಲ್ಲ.
ಐದನೆಯ ಬೆಳಿಗ್ಗೆ
ಗೊಂಚಲು ಮೊಳೆಯಲ್ಲೇ ಇತ್ತು.

ಬೀಗದಿಂದ ಎಷ್ಟು ಜನ ಉಳಿದರು?
ಉಳಿದವರಿಗೆ ತಾವು ಉಳಿದದ್ದು ಗೊತ್ತಿರುವುದಿಲ್ಲ.
ಶಾಲೆ ಇಲ್ಲವೆಂದು ಮರಳಿನಲ್ಲಿ ಏಡಿ ಅಟ್ಟಿದ ಹುಡುಗ
ನಾಳೆ ಮೀಸೆ ಬಿಡುತ್ತಾನೆ, ಮದುವೆಯಾಗುತ್ತಾನೆ,
ಯಾವ ಬಾಗಿಲು ತನ್ನನ್ನು ಒಳಗೆ ಬಿಡಲಿಲ್ಲ ಅಂತ ನೆನೆಯುವುದಿಲ್ಲ.
ಪುಸ್ತಕದಲ್ಲಿ ಸತ್ತವರ ಸಾಲು ಮಾತ್ರ ಇದೆ.

ಚಳಿ ಬಿದ್ದ ಮೇಲೆ ಬೀಗ ತೆಗೆಸಿದರು.
ಓದುವ ಕೋಣೆಯ ಹೊಸ್ತಿಲಲ್ಲಿ ಪೇಪರಿನ ಸುರುಳಿಗಳ ರಾಶಿ,
ಲಡಾಯಿ ಮುಗಿದದ್ದೂ ಅದರಲ್ಲೇ ಸುತ್ತಿಕೊಂಡು ಬಿದ್ದಿತ್ತು.
ಕೀಲಿ ಒಪ್ಪಿಸಲು ಕಚೇರಿಗೆ ನಾನೇ ಹೋದೆ.
ಗುಮಾಸ್ತರು ಎಣಿಸಿದರು: ಹನ್ನೊಂದು. ಇನ್ನೊಂದು?
ಮೀನುಪೇಟೆಯದು, ಅಂದೆ. ಬಾಗಿಲಲ್ಲೇ ಇದೆ.
ಬೆಳಿಗ್ಗೆ ನಾನೇ ತೆಗೆದೆ, ಮಣೆ ತೊಳೆಯಲಿಕ್ಕೆ.
ಗುಮಾಸ್ತರು ತಲೆಯೆತ್ತಲಿಲ್ಲ. ಲೇಖಣಿ ಅದ್ದಿ,
ಯಾರ ಕೈಯಲ್ಲಿದ್ದ ಕೀಲಿ, ಹೆಸರು ಹೇಳು, ಅಂದರು.

ಇಂಥ ಹೊತ್ತಿಗೆ ಹೆಂಗಸರು ಪಕ್ಕದವರ ಮುಖ ನೋಡುತ್ತಾರೆ,
ಪಕ್ಕದವರು ಹೇಳಿಬಿಡುತ್ತಾರೆ. ಅದು ಕ್ರಮ.
ಬೆಂಚಿನ ಮೇಲೆ ಯಾರೂ ಇರಲಿಲ್ಲ.
ಬೈತಖೋಲಿನ ಕಡೆ ಆಗಬೋಟು ಕೂಗಿತು.
ಜಟ್ಟಪ್ಪ, ಅಂದೆ.
ಸಣ್ಣಗೆ ಅಂದೆ. ಗುಮಾಸ್ತರಿಗೆ ಕೇಳಲಿಲ್ಲ.
ಇನ್ನೊಂದು ಸಲ ಹೇಳಬೇಕಾಯಿತು.